ಕಾನೂನು ಇದೆ, ಹಿಡಿಯಲು ಕಾಸಿಲ್ಲ

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಮುಖ್ಯರಸ್ತೆಯಲ್ಲೇ ಗಾಂಜಾ ಅಂಗಡಿ, ಬೋರ್ಡು ಬೇರೆ! ‘ಕೇಂದ್ರದ ಕಾನೂನಿನಲ್ಲಿ ಇದು ಅಪರಾಧವೇ ಅಮ್ಮ, ಆದ್ರೆ ಹಿಡಿಯೋಕೆ ಸರ್ಕಾರಕ್ಕೆ ದುಡ್ಡು ಕೊಟ್ಟಿಲ್ಲ’ ಅಂದ. ತಮಾಷೆಯೋ, ನಿಜವೋ? ಅವನಿಗಿನ್ನೂ ಗ್ರೀನ್ ಕಾರ್ಡ್ ಬಂದಿಲ್ಲ, ಅದೇ ಚಿಂತೆ. ನಮ್ಮ ದೇಶದಲ್ಲೂ ಹೀಗೆ ಮಾಡಬಹುದೇ?
– ಓದುಗರು, ಮೈಸೂರು

ಉತ್ತರ: ನಿಮ್ಮ ಮಗ ಹೇಳಿದ್ದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲೇ ಅವನಿಗೆ ಬೇಕಾದದ್ದು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಕಾನೂನಿನ ಮೂಲಕ ಮಂಜೂರಾಗದ ಹಣವನ್ನು ಖಜಾನೆಯಿಂದ ತೆಗೆಯುವಂತಿಲ್ಲ ಎಂದು ಅಮೆರಿಕದ ಸಂವಿಧಾನ ಹೇಳುತ್ತದೆ. ಮಂಜೂರು ಮಾಡುವುದು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು. ಅಕ್ಟೋಬರ್ 1ಕ್ಕೆ ಶುರುವಾಗುವ ವರ್ಷಕ್ಕೆ ಇಲಾಖೆಗಳಿಗೆ ಹಣ ಕೊಡುವಾಗ, ‘ಇದರಲ್ಲಿ ಒಂದು ಪೈಸೆಯನ್ನೂ ಇಂಥ ಕೆಲಸಕ್ಕೆ ಬಳಸಬಾರದು’ ಎಂದು ಒಂದು ಸಾಲು ಸೇರಿಸುತ್ತಾರೆ. ಇದಕ್ಕೆ ರೈಡರ್ ಅಂತ ಹೆಸರು. ನಾವು ಬಾಲಂಗೋಚಿ ಅನ್ನಬಹುದು. ಬೇರೆ ಮಸೂದೆ ಬಿದ್ದುಹೋದರೆ ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ. ಹಣದ ಮಸೂದೆ ಬಿದ್ದರೆ ಸರ್ಕಾರಿ ಕಚೇರಿಗಳ ಬಾಗಿಲೇ ಮುಚ್ಚುತ್ತದೆ. ಅದಕ್ಕೇ ಬಾಲ ಇಷ್ಟವಿಲ್ಲದವರೂ ಪಟಕ್ಕೆ ವೋಟು ಹಾಕುತ್ತಾರೆ.

ಗಾಂಜಾ ವಿಷಯದಲ್ಲಿ ಆದದ್ದೂ ಇದೇ. 1970ರ ಮಾದಕ ವಸ್ತು ಕಾಯ್ದೆ ಗಾಂಜಾವನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯಾ 1996ರಲ್ಲಿ ಔಷಧಿಗಾಗಿ ಅದಕ್ಕೆ ಅನುಮತಿ ಕೊಟ್ಟಿತು. ಕೇಂದ್ರ–ರಾಜ್ಯದ ಜಗಳ ನಡೆಯುತ್ತಲೇ ಇತ್ತು. 2014ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಒಂದು ಬಾಲಂಗೋಚಿ ಕಟ್ಟಿತು: ರಾಜ್ಯಗಳು ತಮ್ಮ ಔಷಧಿ ಗಾಂಜಾ ಕಾನೂನನ್ನು ಜಾರಿ ಮಾಡುವುದನ್ನು ತಡೆಯಲು, ಕೇಂದ್ರದ ಪರವಾಗಿ ಮೊಕದ್ದಮೆ ಹೂಡುವ ನ್ಯಾಯ ಇಲಾಖೆ ಈ ಹಣ ಬಳಸಬಾರದು. ಆಮೇಲೆ ಮತ್ತೆ ಮತ್ತೆ ಅದನ್ನು ನವೀಕರಿಸಿದ್ದಾರೆ. 1970ರ ಕಾಯ್ದೆಯ ಒಂದಕ್ಷರವನ್ನೂ ಅದು ಅಳಿಸಲಿಲ್ಲ.

ಇಲಾಖೆ ಸುಮ್ನೆ ಕೂರಲಿಲ್ಲ. ‘ರಾಜ್ಯ ಸರ್ಕಾರಕ್ಕೆ ನಾವು ಅಡ್ಡಿ ಮಾಡುತ್ತಿಲ್ಲ, ಬೆಳೆಗಾರರನ್ನು ಹಿಡಿಯುತ್ತಿದ್ದೇವೆ ಅಷ್ಟೆ’ ಎಂಬ ವಾದ ಹೂಡಿತು. 2016ರಲ್ಲಿ ಮ್ಯಾಕಿಂತೋಷ್ ಪ್ರಕರಣದಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ರಾಜ್ಯದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವರ ಮೇಲೆ ಮೊಕದ್ದಮೆ ನಡೆಸಲು ಹಣ ಖರ್ಚು ಮಾಡುವಂತಿಲ್ಲ ಎಂದಿತು. ಅದೇ ತೀರ್ಪಿನಲ್ಲಿ ಎಚ್ಚರಿಕೆಯೂ ಇದೆ: ಕಾಂಗ್ರೆಸ್ ನಾಳೆ ಹಣ ಬಿಟ್ಟರೆ, ಇವತ್ತು ಮಾಡಿದ ಅಪರಾಧಕ್ಕೆ ಆಗ ಕೇಸು ಹಾಕಬಹುದು, ಐದು ವರ್ಷದ ಗಡುವು ಮುಗಿದಿರದಿದ್ದರೆ. ಅಂದರೆ ಇದು ಮಾಫಿಯಲ್ಲ, ವಾಯಿದೆ.

ಬಾಲಂಗೋಚಿ ಕೆಲವೊಮ್ಮೆ ಅದರಲ್ಲಿ ಬರೆದಿರುವುದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. 1996ರಲ್ಲಿ ಜೇ ಡಿಕಿ ಎಂಬ ಸಂಸದರ ಹೆಸರಿನದೊಂದು ಬಂತು. ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ, ಬಂದೂಕು ನಿಯಂತ್ರಣದ ಪರ ಪ್ರಚಾರಕ್ಕೆ ಹಣ ಬಳಸಬಾರದು. ಓದಿ ನೋಡಿ, ಸಂಶೋಧನೆ ಮಾಡಬೇಡಿ ಎಂದು ಎಲ್ಲೂ ಇಲ್ಲ. ಆದರೆ ಬಂದೂಕು ಗಾಯಗಳ ಅಧ್ಯಯನಕ್ಕೆ ಸಂಸ್ಥೆ ಹಿಂದಿನ ವರ್ಷ ಖರ್ಚು ಮಾಡಿದ್ದಷ್ಟೇ ಮೊತ್ತವನ್ನು, ಅಂದರೆ 26 ಲಕ್ಷ ಡಾಲರನ್ನು, ಬೇರೆ ಕಡೆಗೆ ತಿರುಗಿಸಿಬಿಟ್ಟರು. ಅಧಿಕಾರಿಗಳಿಗೆ ಅಷ್ಟು ಸನ್ನೆ ಸಾಕಾಯಿತು. ಎರಡು ದಶಕ ಆ ವಿಷಯದ ಹತ್ತಿರ ಹೋಗಲು ಹೆದರಿದರು. ಇಂಥ ಅಧ್ಯಯನ ಬೇಕು ಎಂದು 2012ರಲ್ಲಿ ಸ್ವತಃ ಡಿಕಿಯೇ ಬರೆದರು! 2019ರ ಡಿಸೆಂಬರಿನಲ್ಲಿ ಅದಕ್ಕಾಗಿ 2.5 ಕೋಟಿ ಡಾಲರ್ ಸಿಕ್ಕಿತು. ಒಂದು ಸಾಲಿನ ಭಯ ಇಳಿಯಲು ಅಷ್ಟು ವರ್ಷ ಬೇಕಾಯಿತು.

ಬಡವರಿಗೆ ಬಿಸಿ ತಟ್ಟಿದ್ದು 1976ರ ಹೈಡ್ ತಿದ್ದುಪಡಿ ಎಂಬ ಬಾಲಂಗೋಚಿಯಿಂದ. ಗರ್ಭಪಾತ ಆಗ ಸಂವಿಧಾನದತ್ತ ಹಕ್ಕಾಗಿತ್ತು, ಆದರೆ ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ನಿಂದ ಅದಕ್ಕೆ ಕೇಂದ್ರದ ಹಣವಿಲ್ಲ, ಕೆಲವು ಸಂದರ್ಭ ಬಿಟ್ಟು. 1980ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಇದನ್ನು ಸರಿ ಎಂದಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ.

ಇನ್ನು ನಮ್ಮ ದೇಶ. ಇಲ್ಲಿ ಈ ದಾರಿ ಇಲ್ಲ. ಸಂವಿಧಾನದ 114ನೇ ವಿಧಿಯ ಪ್ರಕಾರ, ಖಜಾನೆಯಿಂದ ಹಣ ತೆಗೆಯಲು ಅನುಮತಿ ಕೊಡುವ ಧನವಿನಿಯೋಗ ಮಸೂದೆಯಲ್ಲಿ ಅನುದಾನದ ಮೊತ್ತವನ್ನಾಗಲಿ ಉದ್ದೇಶವನ್ನಾಗಲಿ ಬದಲಿಸುವ ತಿದ್ದುಪಡಿ ತರುವಂತಿಲ್ಲ. ನಮ್ಮಲ್ಲಿ ಬೇರೆ ವಿಷಯಗಳು ನುಸುಳುವುದು, ಬಜೆಟ್ಟಿನ ತೆರಿಗೆ ಪ್ರಸ್ತಾಪಗಳಿರುವ ಹಣಕಾಸು ಮಸೂದೆಯ ಬಾಗಿಲಿಂದ. 2017ರಲ್ಲಿ ನ್ಯಾಯಮಂಡಳಿಗಳ ನೇಮಕದ ನಿಯಮ ಬದಲಾದದ್ದು ಆ ದಾರಿಯಲ್ಲೇ. ಆಗ ಮಾಡಿದ ನಿಯಮಗಳನ್ನು 2019ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಈಗ ಆ ಕಾಲು ಪಾಲು. ನೀವು ನೋಡಿದ ಅಂಗಡಿಯಲ್ಲಿ ಮೋಜಿಗೂ ಮಾರುತ್ತಿದ್ದರೆ, ಅದಕ್ಕೆ ಬಾಲಂಗೋಚಿಯ ರಕ್ಷಣೆ ಇಲ್ಲ. 2016ರ ಜನಮತದಿಂದ ರಾಜ್ಯ ಅದಕ್ಕೆ ಅನುಮತಿ ಕೊಟ್ಟಿದೆ, ಕೇಂದ್ರ ಕಣ್ಣುಮುಚ್ಚಿಕೊಂಡಿದೆ, ಅಷ್ಟೆ. ಅದಕ್ಕಿಂತ ಮುಖ್ಯ, ಆ ಸಾಲು ಕಟ್ಟಿಹಾಕಿರುವುದು ನ್ಯಾಯ ಇಲಾಖೆಯನ್ನು ಮಾತ್ರ. ಗ್ರೀನ್ ಕಾರ್ಡ್ ಅರ್ಜಿ ನೋಡುವ ವಲಸೆ ಕಚೇರಿ ಬೇರೆ ಇಲಾಖೆಯದು. ಶಿಕ್ಷೆ ಆಗಿರಲೇಬೇಕೆಂದಿಲ್ಲ, ಬಳಸಿದ್ದೆ ಎಂದು ಒಪ್ಪಿಕೊಂಡರೂ ಅರ್ಜಿಗೆ ತೊಡಕಾಗಬಹುದು. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಪೌರತ್ವ ಕೊಡುವಾಗ ಲೆಕ್ಕಕ್ಕೆ ಬರಬಹುದು ಎಂದು ಆ ಕಚೇರಿ 2019ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿಯೇ ಹೇಳಿತು. ಆ ಉದ್ಯಮದಲ್ಲಿ ಕೆಲಸಕ್ಕಿರುವುದಕ್ಕೂ ಇದೇ ಮಾತು. ಹಾಗಾಗಿ ಅಂಥ ಕಂಪನಿಯ ಸಾಫ್ಟ್‌ವೇರ್ ಕೆಲಸ ಹಿಡಿಯುವ ಮುಂಚೆಯೂ ವಲಸೆ ವಕೀಲರನ್ನು ಒಂದು ಮಾತು ಕೇಳಲಿ.