ಪೋರ್ಚುಗೀಸಿನ ‘ಅಲಿ’ ಮತ್ತು ಕನ್ನಡದ ‘ಅಲ್ಲಿ’

ಪ್ರಶ್ನೆ: ಪೋರ್ಚುಗೀಸ್ ಭಾಷೆಯ ‘ಅಲಿ’ ಎಂಬ ಪದಕ್ಕೆ ನಮ್ಮ ‘ಅಲ್ಲಿ’ ಎಂದೇ ಅರ್ಥವಂತೆ. ಒಂದರಿಂದ ಇನ್ನೊಂದು ಬಂದಿರಬಹುದೇ? ‘ಅಲಿ’ ಇದ್ದೂ ‘ಅಈ’, ‘ಲಾ’ ಎಂಬ ಬೇರೆ ಪದಗಳು ಏಕೆ ಬೇಕಾದವು? ನೆರೆಯ ಗಲೀಸಿಯನ್ ಭಾಷೆಯಲ್ಲೂ ಹೀಗೆಯೇ ಇದೆಯೇ?

ಉತ್ತರ: ಈ ಹೋಲಿಕೆ ಕೇವಲ ಕಾಕತಾಳೀಯ. ‘ಅಲ್ಲಿ’ಯ ಮೊದಲಿಗಿರುವ ಅಕಾರವು ದೂರದ್ದನ್ನು ತೋರಿಸುವ ದ್ರಾವಿಡ ಮೂಲದ್ದು, ‘ಅವನು’, ‘ಅಂದು’, ‘ಅಷ್ಟು’ಗಳಲ್ಲಿಯೂ ತಮಿಳಿನ ‘ಅಂಗೇ’, ತೆಲುಗಿನ ‘ಅಕ್ಕಡ’ಗಳಲ್ಲಿಯೂ ಇರುವುದು ಅದೇ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬರುವುದಕ್ಕೆ ಶತಮಾನಗಳ ಮುಂಚೆಯೇ ಹಳಗನ್ನಡದಲ್ಲಿ ‘ಅಲ್ಲಿ’ ಬಳಕೆಯಲ್ಲಿತ್ತು. ಪೋರ್ಚುಗೀಸಿನ ‘ಅಲಿ’ಯಾದರೋ ಲ್ಯಾಟಿನ್ನಿನ ‘ಆದ್ ಇಲ್ಲೀಕ್’ ಎಂಬ ಜೋಡಿಪದ ಸವೆದು ಆದದ್ದು. ಆ ‘ಇಲ್ಲೀಕ್’ಗೆ ‘ಅಲ್ಲಿ’ ಎಂದು ಅರ್ಥ! ಉಚ್ಚಾರಣೆಯನ್ನೇ ನಂಬಿ ಹೊರಟರೆ ಅದನ್ನು ನಮ್ಮ ‘ಇಲ್ಲಿ’ಗೆ ಗಂಟು ಹಾಕಬೇಕಾಗುತ್ತದೆ, ಅರ್ಥ ಮಾತ್ರ ತಲೆಕೆಳಗಾಗುತ್ತದೆ.

‘ಇಲ್ಲಿ’ ಎನ್ನಲು ಲ್ಯಾಟಿನ್ನಿನಲ್ಲಿದ್ದ ‘ಹೀಕ್’ ತೀರ ಚಿಕ್ಕ ಪದ. ಆಡುಮಾತಿನಲ್ಲಿ ಜನರು ಅದರ ಮೊದಲಿಗೆ ‘ಇಗೋ’ ಎಂಬರ್ಥದ ‘ಎಕ್ಕುಂ’ ಸೇರಿಸಿ ಒತ್ತಿ ಹೇಳತೊಡಗಿದರು. ಹಾಗೆ ಹುಟ್ಟಿದ್ದು ಇಂದಿನ ಪೋರ್ಚುಗೀಸಿನ ‘ಅಕಿ’ (ಇಲ್ಲಿ). ‘ಕಾ’ (ಈ ಕಡೆ), ‘ಅಕೊಲಾ’ (ಅಗೋ ಅಲ್ಲಿ, ದೂರದಲ್ಲಿ) ಪದಗಳ ಬುಡದಲ್ಲಿಯೂ ಇದೇ ‘ಇಗೋ’ ಅಡಗಿದೆ.

ಇನ್ನು ಬಳಕೆಯ ವಿಚಾರ. ‘ಅಕಿ’ ಎಂದರೆ ಮಾತನಾಡುವವರಿರುವ ಜಾಗ, ‘ಅಈ’ ಎಂದರೆ ಕೇಳುವವರಿರುವ ಜಾಗ, ‘ಅಲಿ’ ಎಂದರೆ ಇಬ್ಬರಿಂದಲೂ ತುಸು ದೂರದ, ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಜಾಗ. ಲಿಸ್ಬನ್ನಿನಿಂದ ಫೋನ್ ಮಾಡಿದವರು ನಿಮ್ಮೂರಿನ ಚಳಿಯನ್ನು ವಿಚಾರಿಸುವಾಗ ‘ಅಈ’ ಎನ್ನಬೇಕೇ ಹೊರತು ‘ಅಲಿ’ ಎನ್ನುವಂತಿಲ್ಲ. ‘ಕಾ’ ಮತ್ತು ‘ಲಾ’ಗಳು ಒಂದು ಬಿಂದುವಿಗಿಂತ ‘ನಮ್ಮ ಕಡೆ’, ‘ಆ ಕಡೆ’ ಎಂಬ ವಿಶಾಲವಾದ ಪ್ರದೇಶವನ್ನು ಸೂಚಿಸುತ್ತವೆ; ಯಾರನ್ನಾದರೂ ಹತ್ತಿರ ಕರೆಯುವಾಗ ‘ವೆಂ ಕಾ’ ಎನ್ನುವುದೇ ರೂಢಿ. ‘ಸೇಯ್ ಲಾ’ ಎಂಬಲ್ಲಿ ‘ಲಾ’ಗೆ ಸ್ಥಳದ ಅರ್ಥವೇ ಉಳಿದಿಲ್ಲ, ಅದು ‘ಯಾರಿಗೆ ಗೊತ್ತು’ ಎಂಬ ಉದ್ಗಾರ.

ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯನ್ ಮಧ್ಯಯುಗದಲ್ಲಿ ಪೋರ್ಚುಗೀಸಿನೊಡನೆ ಒಂದೇ ಭಾಷೆಯಾಗಿತ್ತಾದ್ದರಿಂದ ಈ ಪದಗಳು ಅಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ ಇವೆ. ಜೊತೆಗೆ ‘ಅಲಾ’ (ಆ ಕಡೆ), ‘ಅಕಾ’ (ಈ ಕಡೆ) ಪದಗಳ ಪಕ್ಕದಲ್ಲಿ ‘ಅಲೋ’, ‘ಅಕೋ’ ಎಂಬ ರೂಪಗಳೂ ಅಲ್ಲಿವೆ.

ನೀವು ಕೇಳದಿದ್ದರೂ ‘ಎಲ್ಲಿ’ ಎಂಬುದರ ಕಥೆ ಇವೆಲ್ಲಕ್ಕಿಂತ ಸ್ವಾರಸ್ಯದ್ದು. ಲ್ಯಾಟಿನ್ನಿನ ‘ಉಬಿ’ (ಎಲ್ಲಿ) ಸವೆದು ‘ಉ’ ಆಯಿತು, ‘ಉಂದೆ’ (ಎಲ್ಲಿಂದ) ‘ಓಂದೆ’ ಆಯಿತು. 1279ರಿಂದ 1325ರವರೆಗೆ ಪೋರ್ಚುಗಲ್ಲನ್ನು ಆಳಿದ ದೊರೆ ದಿನಿಸ್ ಬರೆದ ಹಾಡೊಂದರಲ್ಲಿ ಪೈನ್ ಮರದ ಹೂಗಳ ಬಳಿ ತನ್ನ ಇನಿಯನೆಲ್ಲಿ ಎಂದು ವಿಚಾರಿಸುವ ಹುಡುಗಿ ಬಳಸುವುದು ಈ ‘ಉ’ವನ್ನೇ. ಬರಬರುತ್ತ ‘ಓಂದೆ’ ಅದರ ಜಾಗವನ್ನು ಆಕ್ರಮಿಸಿ ‘ಎಲ್ಲಿ’ ಎಂಬರ್ಥ ಪಡೆಯಿತು. ಆದ್ದರಿಂದ ‘ಎಲ್ಲಿಂದ’ ಎನ್ನಲು ಈಗ ಅದಕ್ಕೆ ‘ಇಂದ’ ಎಂಬರ್ಥದ ‘ದೆ’ ಹಚ್ಚಬೇಕಾಗಿದೆ. ಪೋರ್ಚುಗೀಸಿನ ಶಿಷ್ಟ ಬಳಕೆಯಿಂದ ಮರೆಯಾದ ‘ಉ’ ಗಲೀಸಿಯನ್ನಿನಲ್ಲಿ ಮಾತ್ರ ಸರ್ವನಾಮಕ್ಕೆ ಅಂಟಿಕೊಂಡು ಬದುಕಿದೆ: ‘ಉಲೊ?’ ಎಂದರೆ ‘ಅವನೆಲ್ಲಿ?’, ‘ಉಲಾ?’ ಎಂದರೆ ‘ಅವಳೆಲ್ಲಿ?’.