ಗೋಡೆಯ ಮೇಲಿನ ಕೆಂಪು ಅಂಕಿ

ದಾವಣಗೆರೆಯ ಓದುಗರೊಬ್ಬರ ಪತ್ರ ಈ ವಾರ ನನ್ನನ್ನು ಕೆಣಕಿದೆ. ಅವರು ಮೆಕ್ಕೆಜೋಳ ಖರೀದಿಸಿ ಪಶು ಆಹಾರ ಕಾರ್ಖಾನೆಗಳಿಗೆ ಪೂರೈಸುವ ಸಂಸ್ಥೆಯಲ್ಲಿ ದತ್ತಾಂಶ ವಿಶ್ಲೇಷಕಿ. ಆವಕ, ತೇವಾಂಶ, ದಾಸ್ತಾನು, ಬಾಕಿ ಪಾವತಿ ಎಲ್ಲವೂ ಒಂದೇ ಪರದೆಯಲ್ಲಿ ಕಾಣುವಂತೆ ಅಂಕಿ-ಅಂಶಗಳನ್ನು ಚಿತ್ರವಾಗಿ ತೋರಿಸುವ ಪವರ್ ಬಿಐ ಎಂಬ ತಂತ್ರಾಂಶದಲ್ಲಿ ಡ್ಯಾಶ್‌ಬೋರ್ಡ್ ಸಿದ್ಧಪಡಿಸಿ, ಎರಡು ಬಾರಿ ತರಬೇತಿಯನ್ನೂ ಕೊಟ್ಟಿದ್ದಾರೆ. ಆದರೆ ಗೋದಾಮಿನ ಹಿರಿಯ ಮೇಲ್ವಿಚಾರಕರು ಇಂದಿಗೂ ತಮ್ಮ ನೋಟ್‌ಬುಕ್ ಬಿಟ್ಟು ಕದಲಿಲ್ಲ. ‘ಹೊಸದನ್ನು ಕಲಿಯಲೊಲ್ಲದವರ ನಡುವೆ ಹೇಗಿರಲಿ, ಬೆಂಗಳೂರಿಗೆ ಹೋಗಿಬಿಡಲೇ?’ ಎಂದು ಕೇಳಿದ್ದಾರೆ.

ತಂಗಿ, ನಿಮ್ಮ ಪತ್ರದ ಕೊನೆಯ ಪುಟದಲ್ಲಿ ಆವರಣದೊಳಗೆ ಒಂದು ವಾಕ್ಯವಿದೆ. ಮೊದಲ ಸೋಮವಾರದ ಸಭೆಯಲ್ಲೇ ಮಾಲೀಕರ ಮಗ ಆ ಪರದೆಯನ್ನು ಗೋಡೆಯ ಮೇಲೆ ಮೂಡಿಸಿ, ಮೇಲ್ವಿಚಾರಕರ ಹೆಸರಿನ ಮುಂದೆ ಕೆಂಪಾಗಿದ್ದ ತೇವಾಂಶದ ಅಂಕಿಯನ್ನು ಎಲ್ಲರೆದುರು ಓದಿ ನಕ್ಕರಂತೆ. ಅದನ್ನು ನೀವು ತಮಾಷೆಯಂತೆ ದಾಟಿಸಿದ್ದೀರಿ. ನಿಮ್ಮ ಸಮಸ್ಯೆ ಹುಟ್ಟಿದ್ದು ಅಲ್ಲಿ. ಮುಂಗಾರಿನ ಬೆಳೆ ಕೊಯ್ಲಿಗೆ ಬರುವ ಅಕ್ಟೋಬರ್, ನವೆಂಬರಿನಲ್ಲಿ ಮಳೆ ಹಿಡಿದರೆ ಕಾಳಿನ ತೇವಾಂಶ ಶೇ 14ರ ಮಿತಿಯನ್ನು ದಾಟದೆ ಇನ್ನೇನು ಮಾಡೀತು? ಆಕಾಶದ ತಪ್ಪನ್ನು ನಿಮ್ಮ ಡ್ಯಾಶ್‌ಬೋರ್ಡ್ ಆ ಮನುಷ್ಯನ ಹೆಸರಿಗೆ ಬರೆಯಿತು. ಪ್ರೊಜೆಕ್ಟರ್ ಸಿಕ್ಕೊಡನೆ ನ್ಯಾಯಪೀಠವೇ ಸಿಕ್ಕಂತೆ ವರ್ತಿಸುವ ಯುವಕ ಅದನ್ನು ಸಾರಿದ. ನನ್ನ ಸಿಟ್ಟೆಲ್ಲ ಅವನ ಮೇಲೆ, ಮರುಕದ ದೊಡ್ಡ ಪಾಲು ಮೇಲ್ವಿಚಾರಕರಿಗೆ. ಎಲ್ಲರೆದುರು ಆದ ಅವಮಾನವನ್ನು ಯಾವ ತರಬೇತಿಯೂ ತೊಳೆಯದೆಂದು ಅತ್ತೆ–ಸೊಸೆಯರ ಪತ್ರಗಳಿಗೂ ನಾನು ಬರೆಯುತ್ತಲೇ ಬಂದಿದ್ದೇನೆ.

ತರಬೇತಿಯಿಂದ ಬಳಕೆ ಸುಲಭವಾಗುತ್ತದೆ, ಅಷ್ಟೆ. ಉದ್ಯೋಗಿಗಳು ಕಂಪ್ಯೂಟರ್ ವ್ಯವಸ್ಥೆಗಳನ್ನು ಏಕೆ ಒಪ್ಪುತ್ತಾರೆಂದು ಅಧ್ಯಯನ ಮಾಡಿದ ಫ್ರೆಡ್ ಡೇವಿಸ್, ‘ಇದು ಸುಲಭ’ ಎಂಬ ಭಾವನೆಗಿಂತ ‘ಇದರಿಂದ ನನ್ನ ಕೆಲಸಕ್ಕೆ ಉಪಯೋಗವಿದೆ’ ಎಂಬ ನಂಬಿಕೆಗೇ ಬಳಕೆಯೊಡನೆ ಹೆಚ್ಚು ಬಿಗಿಯಾದ ನಂಟಿದೆಯೆಂದು 1989ರಲ್ಲೇ ತೋರಿಸಿದರು. ನಿಮ್ಮ ಪರದೆಯಿಂದ ಉಪಯೋಗವಾದದ್ದು ಮಾಲೀಕರಿಗೆ. ಅಂಕಿ ತುಂಬುವ ಶ್ರಮವೂ ಅದು ಕೆಂಪಾದಾಗಿನ ಬೈಗುಳವೂ ಗೋದಾಮಿನವರ ಪಾಲಿಗೆ ಬಂದವು. ಇಂಥ ಲೆಕ್ಕದಲ್ಲಿ ನೋಟ್‌ಬುಕ್ಕಿಗೆ ಅಂಟಿಕೊಂಡವರನ್ನು ಕಲಿಯಲೊಲ್ಲದವರೆನ್ನುವುದು ಅನ್ಯಾಯ.

ನೀವು ಮಾಡಬೇಕಾದದ್ದು ಇಷ್ಟೇ: ನಾಳೆ ಲ್ಯಾಪ್‌ಟಾಪ್ ಬಿಟ್ಟು ಗೋದಾಮಿಗೆ ಹೋಗಿ, ಆ ನೋಟ್‌ಬುಕ್ಕಿನ ಒಂದು ಪುಟವನ್ನು ಅವರಿಂದಲೇ ಓದಿಸಿಕೊಳ್ಳಿ. ಯಾವ ಲೋಡನ್ನು ಮೊದಲು ಒಣಗಿಸಬೇಕು, ಯಾವ ಲಾರಿ ಕಾಯುತ್ತಿದೆ ಎಂಬಂಥ, ಬೆಳಿಗ್ಗೆ ಅವರು ಮೊದಲು ಹುಡುಕುವ ಸಂಗತಿಯೇ ಪರದೆಯ ಮೇಲ್ಭಾಗಕ್ಕೆ ಬರಬೇಕು. ಅಲ್ಲಿಯವರೆಗೆ ಸೋಮವಾರದ ಸಭೆಗೆ ಡ್ಯಾಶ್‌ಬೋರ್ಡ್ ಒಯ್ಯಬೇಡಿ, ಮಾಲೀಕರ ಮಗ ಕೇಳಿದರೂ ಸಹ.