ಮಳೆಗಾಲದ ತೇವಕ್ಕೆ ಮರದ ಕ್ಯೂ ಬಗ್ಗುತ್ತದೆಯೇ?

ಬೆಂಗಳೂರಿನಿಂದ ಮಂಗಳೂರಿಗೆ ಬಂದ ಮೇಲೆ ನಿಮ್ಮ ಸ್ನೂಕರ್ ಕ್ಯೂ (ಚೆಂಡು ಹೊಡೆಯುವ ಕೋಲು) ಅಂಟಂಟಾಗಿದೆ, ಚೆಂಡಿಗೆ ತಾಗುವ ಟಿಪ್ ಕೆಳಗಿನ ಹಿತ್ತಾಳೆ ಬಳೆ, ಅಂದರೆ ಫೆರೂಲ್, ಮುಗಿಯುವಲ್ಲಿ ಬೆರಳಿಗೆ ಏನೋ ತಡೆಯುತ್ತದೆ, ಮುಂದೆ ಕ್ಯೂ ಬಗ್ಗಿಬಿಡುತ್ತದೆಯೇ ಎಂದು ಕೇಳಿದ್ದೀರಿ. ನಾನೂ ಇದೇ ಊರಲ್ಲಿ ಆಶ್ ಮರದ ಕ್ಯೂ ಇಟ್ಟುಕೊಂಡಿದ್ದೇನೆ.

ಮೊದಲು ಆ ಫೆರೂಲ್ ವಿಷಯ. ದಯವಿಟ್ಟು ಅದನ್ನು ಉಜ್ಜಬೇಡಿ. ಮಳೆಗಾಲದಲ್ಲಿ ಮನೆ ಬಾಗಿಲು ಉಬ್ಬಿ ಹಿಡಿದುಕೊಳ್ಳುತ್ತದೆ ಅಲ್ವಾ, ಇದೂ ಅದೇ. ಮರ ಉಬ್ಬುತ್ತದೆ, ಹಿತ್ತಾಳೆ ಹಾಗೇ ಇರುತ್ತದೆ. ಗಾಳಿಯ ತೇವ ಶೇ. 40 ಇದ್ದರೆ ಮರದೊಳಗಿನ ನೀರು ಅದರ ಒಣ ತೂಕದ ಶೇ. 7–8ರಷ್ಟು. ಶೇ. 80 ಆದರೆ ನೀರು ನಿಧಾನವಾಗಿ ಶೇ. 16ರ ಹತ್ತಿರ ಬರುತ್ತದೆ. ಮರ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ದಪ್ಪ ಮಾತ್ರ ಹೆಚ್ಚುತ್ತದೆ. 9.5 ಮಿ.ಮೀ. ತುದಿಯಲ್ಲಿ ಅದು ಹೆಚ್ಚೆಂದರೆ 0.2 ಮಿ.ಮೀ. ಅಷ್ಟು ಸಾಕು, ಬೆರಳಿಗೆ ಗೊತ್ತಾಗುತ್ತದೆ. ನಾನು ಒಂದು ಜುಲೈನಲ್ಲಿ ಅದನ್ನು ಸ್ಯಾಂಡ್‌ಪೇಪರ್‌ನಲ್ಲಿ ಸಮ ಮಾಡಿದೆ. ಜನವರಿಗೆ ಮರ ಕುಗ್ಗಿತು, ಹಿತ್ತಾಳೆಯ ಅಂಚು ಹೊರಗೆ ಬಂತು. ಉಜ್ಜಿದ ಮರ ತಿರುಗಿ ಬರಲಿಲ್ಲ. ಇವತ್ತಿಗೂ ಬೇಜಾರಿದೆ.

ಬಗ್ಗುವ ಕಥೆ ಬೇರೆ. ಸುತ್ತಲೂ ಒಂದೇ ಸಮ ತೇವ ಹಿಡಿದರೆ ಕ್ಯೂ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಒಂದು ಬದಿ ಜಾಸ್ತಿ ಕುಡಿದಾಗ ತೊಂದರೆ. ಒದ್ದೆ ಗೋಡೆಗೆ ವಾರಗಟ್ಟಲೆ ಒರಗಿಸಿಟ್ಟರೆ ಎರಡು ಪೆಟ್ಟು: ಗೋಡೆಯ ಪಸೆ ಒಂದು ಕಡೆಯಿಂದ, ಓರೆಯಾಗಿ ನಿಂತ ಭಾರ ಇನ್ನೊಂದು ಕಡೆಯಿಂದ. ನೇರವಾಗಿ ತೂಗುಹಾಕಿ, ಇಲ್ಲ ಕೇಸ್‌ನಲ್ಲಿ ಮಲಗಿಸಿ, ಗೋಡೆಯಿಂದ ದೂರ. ಕೇಸ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಸಾಕು, ಆಗಾಗ ಬದಲಿಸುತ್ತಿರಿ. ತೇವ ಹೋಗಲಿ ಎಂದು ಬಿಸಿಲಿಗೆ ಮಾತ್ರ ಇಡಬೇಡಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯೂ ಬೇಡ. ದಿಢೀರನೆ ಒಣಗಿದರೆ ಅದೂ ಒಂದೇ ಬದಿ ಒಣಗಬಹುದು.

ಅಂಟಂಟು ಬಹುಪಾಲು ಬೆವರು ಮತ್ತು ಚಾಕ್ ಪುಡಿ. ಆಟ ಮುಗಿದ ಕೂಡಲೇ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ತುಂಬಾ ಕೊಳೆಯಿದ್ದರೆ ಚೆನ್ನಾಗಿ ಹಿಂಡಿದ ಬಟ್ಟೆ, ಹಿಂದೆಯೇ ಒಣ ಬಟ್ಟೆ. ನೀರು ನಿಂತರೆ ಮರದ ಎಳೆ ಎದ್ದು ತರಿತರಿಯಾಗುತ್ತದೆ. ಮಳೆಗಾಲಕ್ಕೆ ಮುಂಚೆ ನಾನು ಅಗಸೆ ಎಣ್ಣೆ ತೆಳ್ಳಗೆ ಸವರಿ, ಒರೆಸಿ, ಒಂದೆರಡು ದಿನ ಬಿಡುತ್ತೇನೆ. ಇದು ತೇವವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಒಣಗಿಸಿ. ನಿಮ್ಮ ಕ್ಯೂಗೆ ವಾರ್ನಿಷ್ ಇದ್ದರೆ ಎಣ್ಣೆ ಬೇಕಿಲ್ಲ.

ಬಗ್ಗಿದೆಯೋ ನೋಡಲು ಟೇಬಲ್ ಮೇಲೆ ಉರುಳಿಸಿ ಹೆದರಬೇಡಿ. ಬಟ್‌ನ (ಕೈಯಲ್ಲಿ ಹಿಡಿಯುವ ದಪ್ಪ ತುದಿಯ) ಒಂದು ಬದಿ ಚಪ್ಪಟೆ ಇರುವ ಕ್ಯೂ ಹೇಗೂ ಕುಣಿಯುತ್ತದೆ. ಬಟ್ ಕಡೆಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ನಿಧಾನ ತಿರುಗಿಸಿ. ಜೂನ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಹೀಗೆ ನೋಡಿದರೆ ಸಾಕು. ಮಳೆಗಾಲದಲ್ಲಿ ಚೆಂಡು ಭಾರವಾಗಿ ಓಡಿದರೆ ಕ್ಯೂ ಮೇಲೆ ಅನುಮಾನ ಬೇಡ. ಟೇಬಲ್ ಬಟ್ಟೆಯೂ ತೇವ ಹಿಡಿದಿರುತ್ತದೆ.